ಗುಳ್ಳೆಯಿಲ್ಲದ ನವೆ

ಮನೆಯ ಹೆಂಗಸರಿಗೆ ಮೈ ನವೆಯಾಯಿತೆಂದರೆ ಅದನ್ನು ಒಂದು ರೋಗವೆಂದು ಎಣಿಸುವ ವಾಡಿಕೆ ನಮ್ಮಲ್ಲಿಲ್ಲ. ಬೇಸಗೆಯಾದರೆ ಬೆವರುಸಾಲೆಯೆನ್ನುವೆವು, ಮಳೆಗಾಲವಾದರೆ ಶೀತವೆನ್ನುವೆವು, ಎರಡೂ ಅಲ್ಲದಿದ್ದರೆ ಪಿತ್ತ ಕೆರಳಿದೆಯೆಂದು ಜೀರಿಗೆಯ ಕಷಾಯ ಕುಡಿಸಿ ಸುಮ್ಮನಾಗುವೆವು. ಈ ಕಡೆಯ ಮಾತಿನಲ್ಲಿ ಒಂದೊಂದು ಸಲ ಎಷ್ಟು ಸತ್ಯವಡಗಿರುತ್ತದೆಂಬುದನ್ನು ನಾವು ನಮ್ಮ ಬಳಗದಲ್ಲಿಯೇ, ಅದೂ ಎರಡು ವರ್ಷ ತಡವಾಗಿ, ಕಲಿಯಬೇಕಾಯಿತು. ಕಾರಣ ಪಿತ್ತವೇ ಆಗಿದ್ದಿತು. ಆದರೆ ಅದು ಕಷಾಯಕ್ಕೆ ಬಗ್ಗುವ ಪಿತ್ತವಾಗಿರಲಿಲ್ಲ.

ನಮ್ಮ ಹುಟ್ಟೂರು ಹೊಳೆನರಸೀಪುರ. ಅಕ್ಕನವರನ್ನು ಅರಕಲಗೂಡು ತಾಲ್ಲೋಕಿನ ಒಂದು ಹಳ್ಳಿಗೆ ಕೊಟ್ಟಿದೆ. ಅವರ ಹಿರಿಯ ಮಗಳ ಸಂಸಾರ ಚನ್ನರಾಯಪಟ್ಟಣದಲ್ಲಿದೆ. ನಾವು ಹಾಸನದಲ್ಲಿ ನೆಲಸಿದ್ದೇವೆ. ಈ ನಾಲ್ಕು ಊರುಗಳ ನಡುವೆ ಓಡಾಡಿದ ಒಂದು ಕಾಯಿಲೆಯ ಕಥೆಯನ್ನು ಬರೆಯಬಹುದೇ ಎಂದು ಅಕ್ಕನವರನ್ನು ಕೇಳಿದಾಗ, "ಬರೆ. ನನ್ನ ಹಾಗೆ ರಾತ್ರಿಯೆಲ್ಲ ಕೆರೆದುಕೊಂಡು ಕೂತಿರೋರು ಇನ್ನೂ ಎಷ್ಟು ಜನ ಇದಾರೋ. ಹೆಸರು ಮಾತ್ರ ಹಾಕಬೇಡ" ಎಂದರು. ಅವರ ಅಪ್ಪಣೆಯಂತೆ ಹೆಸರನ್ನು ಬಿಟ್ಟಿದ್ದೇವೆ.

೨೦೨೦ನೆಯ ಇಸವಿಯ ಮಳೆಗಾಲದಲ್ಲಿ ಇದು ಪ್ರಾರಂಭವಾಯಿತು. ಆಗ ಅಕ್ಕನವರಿಗೆ ಐವತ್ತು ವರ್ಷ. ಹೊಗೆಸೊಪ್ಪಿನ ಎಲೆ ಕೀಳುವ ಕಾಲ. ಭಾವನವರ ಹೊಲದಲ್ಲಿ ಆಳುಗಳ ಸಮಕ್ಕೆ ನಿಂತು ಕೆಲಸಮಾಡುವುದು ಅವರ ಅಭ್ಯಾಸ. ಸಂಜೆಯಾಗುತ್ತಲೇ ಅಂಗೈ ಅಂಗಾಲುಗಳಲ್ಲಿ ನವೆ ಹತ್ತುತ್ತಿತ್ತು. ಎಲೆಯ ಅಂಟು ತಾಕಿದೆಯೆಂದು ಹುಣಿಸೆಹಣ್ಣು ಹಾಕಿ ತಿಕ್ಕಿ ತೊಳೆದರು. ಹೊಗೆಸೊಪ್ಪಿನ ಕೆಲಸ ಮುಗಿಯಿತು, ನವೆ ಮುಗಿಯಲಿಲ್ಲ. ಕಾಂಗ್ರೆಸ್ ಗಿಡದ ಗಾಳಿ ಸೋಕಿರಬೇಕೆಂದು ನೆರೆಯವರು ಹೇಳಿದರು. ಆ ಗಿಡದಿಂದ ನವೆಯಾಗುವುದು ನಿಜವೇ. ಆದರೆ ಅದರಿಂದಾದ ನವೆಯಲ್ಲಿ ಚರ್ಮ ಕೆಂಪಾಗಿ, ಒರಟಾಗಿ, ಗುಳ್ಳೆಯೇಳುತ್ತದೆ. ಅಕ್ಕನವರ ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಅವರೇ ಕೆರೆದುಕೊಂಡ ಉಗುರಿನ ಗೀರುಗಳು ಮಾತ್ರ ಇದ್ದವು. ರಾತ್ರಿ ಹನ್ನೊಂದರ ಮೇಲೆ ಎದ್ದು ಹಿತ್ತಲಿನ ಕಲ್ಲುಚಪ್ಪಡಿಯ ಮೇಲೆ ಅಂಗಾಲೂರಿ ಕೂಡುವರು. ತಂಪಿಗೆ ಸ್ವಲ್ಪ ಹಿತವೆನಿಸುತ್ತಿತ್ತಂತೆ. ಬೆನ್ನಿಗೆ ಬಾಚಣಿಗೆ. ರಾಮನಾಥಪುರದ ಸುಬ್ರಹ್ಮಣ್ಯೇಶ್ವರನಿಗೆ ಹರಕೆಯೂ ಆಯಿತು. ಹರಕೆ ಕೂಡದೆಂದು ಹೇಳುವವರು ನಾವಲ್ಲ. ಆದರೆ ಹರಕೆ ಹೊತ್ತ ಮೇಲೆ ವೈದ್ಯರ ಬಳಿಗೆ ಹೋಗುವುದು ಆರು ತಿಂಗಳು ಹಿಂದೆ ಬಿದ್ದಿತೆಂಬುದನ್ನು ಮಾತ್ರ ಮುಚ್ಚಿಡಲಾರೆವು.

ಅನಂತರ ವೈದ್ಯರೂ ಆದರು, ಒಬ್ಬರಲ್ಲ, ಮೂವರು. ಚರ್ಮದ ವೈದ್ಯರು ಮುಲಾಮನ್ನೂ ನಿದ್ರೆ ಬರಿಸುವ ಮಾತ್ರೆಯನ್ನೂ ಕೊಟ್ಟರು. ಕಣ್ಣು ಉರಿಯುತ್ತದೆ, ಮರಳು ಬಿದ್ದಂತಾಗುತ್ತದೆ ಎಂದುದಕ್ಕೆ ಕಣ್ಣಿನ ವೈದ್ಯರು ಕಣ್ಣೀರು ಒಣಗಿದೆಯೆಂದು ಹನಿ ಔಷಧ ಕೊಟ್ಟರು. ಸೊಂಟನೋವಿಗೆ ಮೂಳೆಯ ವೈದ್ಯರು ಸುಣ್ಣದ ಸತ್ವದ ಮಾತ್ರೆಗಳನ್ನು ಬರೆದರು. ಈ ಮೂವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ತಂತಮ್ಮ ಭಾಗವನ್ನು ತಾವು ಸರಿಯಾಗಿಯೇ ಕಂಡರು. ಮೂರನ್ನೂ ಒಂದು ದಾರದಲ್ಲಿ ಪೋಣಿಸುವವರು ಇರಲಿಲ್ಲ, ಅಷ್ಟೆ. ಇವೆಲ್ಲಕ್ಕೂ ಮಿಗಿಲಾದದ್ದು ಆಯಾಸ. ಹತ್ತು ಕೊಡ ನೀರು ಹೊರುತ್ತಿದ್ದವರು ಎರಡು ಕೊಡ ಹೊತ್ತು ಜಗಲಿಯ ಮೇಲೆ ಕೂತುಬಿಡುವರು. ಅದಕ್ಕೆ ಯಾವ ವೈದ್ಯರನ್ನೂ ಕೇಳಲಿಲ್ಲ; ವಯಸ್ಸಾಯಿತೆಂದು ಮನೆಯವರೆಲ್ಲರೂ, ನಾವೂ ಸೇರಿ, ತೀರ್ಮಾನ ಮಾಡಿಬಿಟ್ಟೆವು.

ಇನ್ನು ನಮ್ಮ ತಪ್ಪನ್ನು ಹೇಳಬೇಕು. ೨೦೨೧ರ ಮಾರ್ಚಿ ತಿಂಗಳಲ್ಲಿ ಒಬ್ಬ ವೈದ್ಯರ ಸೂಚನೆಯಂತೆ ಅಕ್ಕನವರ ರಕ್ತಪರೀಕ್ಷೆಯಾಗಿದ್ದಿತು. ಕಾಗದವನ್ನು ಹಿಡಿದುಕೊಂಡು ಹಾಸನಕ್ಕೆ ನಮ್ಮ ಮನೆಗೇ ಬಂದರು. ನಾವು ಕನ್ನಡಕ ಹಾಕಿಕೊಂಡು ಗಂಭೀರವಾಗಿ ನೋಡಿದೆವು. ಬಿಲಿರುಬಿನ್ ೦.೮ ಎಂದಿತ್ತು. ಕಾಮಾಲೆಯನ್ನು ತೋರಿಸುವ ಅಂಕಿ ಅದೇ ಎಂಬಷ್ಟು ವಿದ್ಯೆ ನಮಗಿದ್ದಿತು. "ಕಾಮಾಲೆ ಇಲ್ಲ, ಲಿವರ್ ಚೆನ್ನಾಗಿದೆ, ಹೆದರಬೇಡ" ಎಂದೆವು. ಕಾಗದವನ್ನು ಬರೆಸಿದ ವೈದ್ಯರೂ ಹಾಗೆಯೇ ಹೇಳಿ ಕಳಿಸಿದ್ದರು. ಅದೇ ಹಾಳೆಯಲ್ಲಿ ನಾಲ್ಕು ಸಾಲು ಕೆಳಗೆ ಆಲ್ಕಲೈನ್ ಫಾಸ್ಫಟೇಸ್ ಎಂಬ ಹೆಸರಿನ ಮುಂದೆ ೩೮೬ ಎಂದಿದ್ದಿತು. ಬದಿಯಲ್ಲಿ ಇರಬೇಕಾದ ಮೇಲ್ಮಿತಿ ೧೨೦ ಎಂದು ಅಚ್ಚಾಗಿದ್ದಿತು. ನಮ್ಮ ಕಣ್ಣು ಅಲ್ಲಿಗೆ ಇಳಿಯಲೇ ಇಲ್ಲ. ಹಾಳೆ ಭಾವನವರ ತಗಡಿನ ಪೆಟ್ಟಿಗೆಯಲ್ಲಿ ಕಂದಾಯದ ರಸೀತಿಗಳ ಜೊತೆಗೆ ಸುಮಾರು ಎರಡು ವರ್ಷ ಮಲಗಿದ್ದಿತು.

ಆ ಅಂಕಿಯ ಅರ್ಥವನ್ನು ತಿಳಿಯಬೇಕಾದರೆ ಯಕೃತ್ತಿನ ಏರ್ಪಾಡನ್ನು ಸ್ವಲ್ಪ ತಿಳಿದಿರಬೇಕು. ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿರುವ, ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಈ ಅಂಗವು ದಿನವೊಂದಕ್ಕೆ ಅರ್ಧ ಲೀಟರಿಗೂ ಮಿಕ್ಕಿ ಪಿತ್ತರಸವನ್ನು ತಯಾರಿಸುತ್ತದೆ. ತುಪ್ಪ ಎಣ್ಣೆಗಳ ಜಿಡ್ಡನ್ನು ಅರಗಿಸುವುದಕ್ಕೂ, ಜಿಡ್ಡಿನೊಡನೆ ಬರುವ ಎ, ಡಿ, ಇ, ಕೆ ಜೀವಸತ್ವಗಳು ಮೈಗೆ ಸೇರುವುದಕ್ಕೂ ಈ ರಸ ಬೇಕು. ಹೇಮಾವತಿಯ ನಾಲೆಗಳನ್ನು ಕಂಡಿರುವ ನಮ್ಮ ಜಿಲ್ಲೆಯವರಿಗೆ ಇದರ ಮಾರ್ಗವನ್ನು ವಿವರಿಸುವುದು ಸುಲಭ. ಗೊರೂರಿನ ಅಣೆಕಟ್ಟಿನಿಂದ ದೊಡ್ಡ ನಾಲೆ, ಅದರಿಂದ ಉಪನಾಲೆ, ಅದರಿಂದ ಗದ್ದೆಯ ಸಣ್ಣ ಕಾಲುವೆ ಎಂದು ನೀರು ಹಂಚಿಹೋಗುತ್ತದೆಯಷ್ಟೆ. ಯಕೃತ್ತಿನಲ್ಲಿ ಇದೇ ಕ್ರಮವು ತಿರುಗುಮುರುಗು. ಅಲ್ಲಿ ಎಲ್ಲೆಡೆಯೂ ಹುಟ್ಟುವ ಪಿತ್ತರಸವು ಮೊದಲು ಕೂದಲೆಳೆಗಿಂತ ಸೂಕ್ಷ್ಮವಾದ ಕಾಲುವೆಗಳಲ್ಲಿ ಹರಿದು, ಅವು ಕೂಡಿ ಕೂಡಿ ದೊಡ್ಡ ನಾಳವಾಗಿ, ಕಡೆಗೆ ಕರುಳನ್ನು ಸೇರುತ್ತದೆ.

ದೊಡ್ಡ ನಾಳಕ್ಕೆ ಕಲ್ಲು ಅಡ್ಡಬಿದ್ದರೆ ಹೊಟ್ಟೆನೋವು, ಜ್ವರ, ಕಾಮಾಲೆ ಬಂದು ಎಲ್ಲರಿಗೂ ಗೊತ್ತಾಗುತ್ತದೆ. ಅಕ್ಕನವರಿಗೆ ಆಗಿದ್ದುದು ಬೇರೆ. ದೇಹವನ್ನು ಹೊರಗಿನ ರೋಗಾಣುಗಳಿಂದ ಕಾಯಬೇಕಾದ ರಕ್ಷಣಾ ವ್ಯವಸ್ಥೆಯು ಭ್ರಮೆಗೊಂಡು, ತನ್ನದೇ ಆದ ಸಣ್ಣ ಕಾಲುವೆಗಳ ಗೋಡೆಗಳನ್ನು ಶತ್ರುವೆಂದು ತಿಳಿದು ಮೆಲ್ಲಮೆಲ್ಲನೆ ಕೆಡಿಸುತ್ತ ಬರುತ್ತದೆ. ಇಂಥ ರೋಗಗಳಿಗೆ ಆಟೋಇಮ್ಯೂನ್ ರೋಗಗಳೆಂದು ಹೆಸರು. ಇದನ್ನು ವೈದ್ಯರು ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ ಎನ್ನುತ್ತಾರೆ, ಸಂಕ್ಷೇಪವಾಗಿ ಪಿ.ಬಿ.ಸಿ. ನೋವಿಲ್ಲ, ಜ್ವರವಿಲ್ಲ. ಪಿತ್ತದ ಹರಿವು ನಿಧಾನವಾದಾಗ ಹೊರಹೋಗಬೇಕಾದ ಪದಾರ್ಥಗಳು ರಕ್ತದಲ್ಲಿ ನಿಂತು ನವೆ ಹುಟ್ಟುತ್ತದೆ. ಕಣ್ಣು ಹಳದಿಯಾಗುವ ಹೊತ್ತಿಗೆ ಬಹುವೇಳೆ ಕಾಲುವೆಗಳಲ್ಲಿ ಅನೇಕವು ನಾಶವಾಗಿರುತ್ತವೆ. ಆದಕಾರಣ ಕಾಮಾಲೆಯಿಲ್ಲವೆಂದು ಸಮಾಧಾನಪಟ್ಟುಕೊಳ್ಳುವುದು ಈ ರೋಗದ ವಿಷಯದಲ್ಲಿ ದೊಡ್ಡ ಮೋಸ. ಆ ಮೋಸಕ್ಕೆ ನಾವು ಸಿಕ್ಕಿದೆವು.

ಪಿ.ಬಿ.ಸಿ.ಯಿಂದ ನರಳುವವರಲ್ಲಿ ಬಹುಪಾಲು ಹೆಂಗಸರು. ಹತ್ತರಲ್ಲಿ ಸುಮಾರು ಒಂಬತ್ತು ಎಂದು ವೈದ್ಯಗ್ರಂಥಗಳಲ್ಲಿ ಹೇಳಿದೆ. ನಲವತ್ತರಿಂದ ಅರವತ್ತರ ವಯಸ್ಸಿನಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ನಮ್ಮ ಸಂಸಾರಗಳಲ್ಲಿ ಆ ವಯಸ್ಸಿನ ಹೆಂಗಸು ತನ್ನ ಮೈಯ ಸಂಕಟವನ್ನು ಬಾಯಿಬಿಟ್ಟು ಹೇಳುವುದೇ ಕಡಮೆಯೆಂಬುದನ್ನು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

೨೦೨೩ರ ಜನವರಿಯಲ್ಲಿ ಅಕ್ಕನವರು ಹಬ್ಬಕ್ಕೆಂದು ಬಂದಿದ್ದಾಗ ಅವರ ಕಣ್ಣಿನ ಒಳಮೂಲೆಗಳಲ್ಲಿ ರೆಪ್ಪೆಯ ಮೇಲೆ ಹಳದಿ ಬಣ್ಣದ ಚಪ್ಪಟೆ ಗಂಟುಗಳೆದ್ದಿರುವುದನ್ನು ನಮ್ಮ ಮನೆಯವರು ಕಂಡರು. ಮುಖವೂ ಕೈಗಳೂ ಮೊದಲಿಗಿಂತ ಕಪ್ಪಾಗಿದ್ದವು. ಹಾಸನದಲ್ಲಿಯೇ ನಮಗೆ ಪರಿಚಿತರಾದ ಒಬ್ಬ ಹಿರಿಯ ವೈದ್ಯರಿಗೆ ತೋರಿಸಿದೆವು. ಅವರು ನಾಡಿ ನೋಡುವುದಕ್ಕೆ ಮುಂಚೆಯೇ ಕೇಳಿದರು: "ಅಮ್ಮಾ, ನವೆ ಮೊದಲು ಎಲ್ಲಿ ಬರುತ್ತದೆ? ಹಗಲು ಹೆಚ್ಚೋ, ರಾತ್ರಿ ಹೆಚ್ಚೋ?"

"ಅಂಗೈಯಲ್ಲಿ, ಅಂಗಾಲಿನಲ್ಲಿ. ದೀಪ ಹಚ್ಚೋ ಹೊತ್ತಿಗೆ ಶುರುವಾದರೆ ಬೆಳಗಿನ ಜಾವದವರೆಗೂ ಬಿಡೋದಿಲ್ಲ."

"ಗುಳ್ಳೆ?"

"ಇಲ್ಲ."

ಹಿಂದೆ ಯಾವಾಗಲಾದರೂ ರಕ್ತ ನೋಡಿಸಿದ್ದುಂಟೇ ಎಂದರು. ಭಾವನವರು ಮಾರನೆಯ ದಿನ ಊರಿಗೆ ಹೋಗಿ ಪೆಟ್ಟಿಗೆಯನ್ನೆಲ್ಲ ಕೆದಕಿ ಆ ಹಾಳೆಯನ್ನು ತಂದರು. ವೈದ್ಯರು ಕೆಂಪು ಮಸಿಯಿಂದ ೩೮೬ರ ಸುತ್ತ ಒಂದು ಸೊನ್ನೆ ಸುತ್ತಿ, ಹಾಳೆಯನ್ನು ನಮ್ಮ ಕಡೆಗೆ ತಿರುಗಿಸಿ ಇಟ್ಟರು. ಮಾತನ್ನೇನೂ ಆಡಲಿಲ್ಲ. ಆ ಮೌನ ನಮಗೆ ಇಂದಿಗೂ ಮರೆತಿಲ್ಲ.

ಇಲ್ಲಿಂದ ಮುಂದೆ ನಡೆದ ಪರೀಕ್ಷೆಗಳ ಕ್ರಮವನ್ನು ಸಾವಧಾನವಾಗಿ ಹೇಳುವೆವು. ಯಾರ ಮನೆಯಲ್ಲಾದರೂ ಇಂಥ ಹಾಳೆಯಿದ್ದರೆ ಉಪಯೋಗಕ್ಕೆ ಬಂದೀತು.

ಆಲ್ಕಲೈನ್ ಫಾಸ್ಫಟೇಸ್ ಎಂಬುದು ಪಿತ್ತನಾಳಗಳ ಬಳಿಯ ಜೀವಕೋಶಗಳಲ್ಲಿರುವ ಒಂದು ಕಿಣ್ವ. ಪಿತ್ತದ ಹರಿವಿಗೆ ತಡೆಯುಂಟಾದರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಆದರೆ ಅದೊಂದನ್ನೇ ನಂಬುವಂತಿಲ್ಲ. ಇದೇ ಕಿಣ್ವವು ಮೂಳೆಯಲ್ಲಿಯೂ ಉಂಟು. ಬೆಳೆಯುವ ಮಕ್ಕಳಲ್ಲಿ, ಗರ್ಭಿಣಿಯರಲ್ಲಿ, ಡಿ ಜೀವಸತ್ವದ ಕೊರತೆಯಿಂದ ಮೂಳೆ ಮೆತ್ತಗಾದವರಲ್ಲಿ ಹೆಚ್ಚಾಗಿರುವುದು ಸಹಜ. ಸೊಂಟನೋವಿನ ಅಕ್ಕನವರಿಗೆ ಇದು ಮೂಳೆಯಿಂದ ಬಂದದ್ದೇ ಏಕಾಗಿರಬಾರದು? ಆ ಸಂಶಯವನ್ನು ಕಳೆಯುವುದಕ್ಕೆ ಗಾಮಾ ಜಿ.ಟಿ. ಎಂಬ ಇನ್ನೊಂದು ಕಿಣ್ವವನ್ನು ನೋಡಬೇಕು. ಮೂಳೆಯ ಕಾಯಿಲೆಯಲ್ಲಿ ಇದು ಏರುವುದಿಲ್ಲ. ಅಕ್ಕನವರಿಗೆ ಅದೂ ಮಿತಿಮೀರಿ ಏರಿದ್ದಿತು. ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ.ಗಳು ಸ್ವಲ್ಪವೇ ಹೆಚ್ಚಾಗಿದ್ದವು. ಈ ಎರಡೂ ಸಾವಿರದ ಲೆಕ್ಕದಲ್ಲಿ ಏರಿದ್ದರೆ ಯಕೃತ್ತಿನ ಜೀವಕೋಶಗಳೇ ಉರಿಯುತ್ತಿರುವ ಬೇರೆ ರೋಗಗಳನ್ನು ಹುಡುಕಬೇಕಾಗುತ್ತಿತ್ತು.

ಎರಡನೆಯದಾಗಿ ಸ್ಕ್ಯಾನ್. ಪಿತ್ತಕೋಶದಲ್ಲಿ ಕಲ್ಲಿಲ್ಲ, ದೊಡ್ಡ ನಾಳ ಹಿಗ್ಗಿಲ್ಲ, ಗೆಡ್ಡೆಯಿಲ್ಲ ಎಂದು ಬಂದಿತು. ಭಾವನವರು ಸಂತೋಷಪಟ್ಟು, "ಹಾಗಾದರೆ ಏನೂ ಇಲ್ಲ ಅನ್ನಿ ಸ್ವಾಮಿ" ಎಂದರು. ವೈದ್ಯರು ನಕ್ಕು, "ಗೌಡರೇ, ಆಕಾಶದಿಂದ ನೋಡಿದರೆ ದೊಡ್ಡ ನಾಲೆ ಕಾಣುತ್ತದೆ, ನಿಮ್ಮ ಗದ್ದೆಯ ಕಾಲುವೆಯಲ್ಲಿ ಹೂಳು ತುಂಬಿದ್ದು ಕಾಣುತ್ತದೆಯೇ?" ಎಂದರು. ಮೇಲೆ ನಾವು ಬರೆದ ಹೋಲಿಕೆ ಅವರದೇ, ಕದ್ದದ್ದೆಂದು ಒಪ್ಪಿಕೊಳ್ಳುತ್ತೇವೆ. ಸ್ಕ್ಯಾನಿನಲ್ಲಿ ಏನೂ ಕಾಣದಿರುವುದೇ ಇಲ್ಲಿ ಒಂದು ಗುರುತು. ನವೆಯುಂಟು, ಕಿಣ್ವ ಏರಿದೆ, ಆದರೆ ದೊಡ್ಡ ನಾಳ ಸ್ವಚ್ಛವಾಗಿದೆ. ಹಾಗಾದರೆ ತೊಂದರೆ ಸಣ್ಣ ಕಾಲುವೆಗಳಲ್ಲಿರಬೇಕು.

ಅವರು ಕೇಳಿದ ಇನ್ನೊಂದು ಪ್ರಶ್ನೆಗೆ ಮನೆಯವರೆಲ್ಲರೂ ಮುಖ ಮುಖ ನೋಡಿಕೊಂಡರು. ಯಾವ ಯಾವ ಔಷಧ, ಬೇರು, ಸೊಪ್ಪು, ಕಷಾಯ ಸೇವಿಸುತ್ತಿದ್ದೀರಿ? ೨೦೨೦ರ ಮಹಾಮಾರಿಯ ದಿನಗಳಲ್ಲಿ ರೋಗನಿರೋಧಕ್ಕೆಂದು ಪ್ರಾರಂಭಿಸಿದ ಅಮೃತಬಳ್ಳಿಯ ಕಷಾಯವನ್ನು ಅಕ್ಕನವರು ಬಿಟ್ಟಿರಲಿಲ್ಲ. ಪಿತ್ತಕ್ಕೆಂದು ನೆಲನೆಲ್ಲಿಯೂ ಸೇರಿದ್ದಿತು. ಅಮೃತಬಳ್ಳಿ ನಮ್ಮ ಹಿರಿಯರು ಬಳಸಿದ ಮೂಲಿಕೆ. ನಮಗೂ ಅದರ ಮೇಲೆ ಗೌರವವುಂಟು. ಆದರೆ ೨೦೨೧ರಲ್ಲಿ ಮುಂಬಯಿಯ ವೈದ್ಯರು ಅದನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿನ ಉರಿಯೂತ ಕಂಡುಬಂದುದನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಅವರಲ್ಲಿ ಕೆಲವರಿಗೆ ಆಟೋಇಮ್ಯೂನ್ ಪ್ರವೃತ್ತಿ ಮೊದಲೇ ಇದ್ದಂತೆ ತೋರಿತು. ಈ ವಿಷಯದಲ್ಲಿ ಆಯುಷ್ ಇಲಾಖೆಯವರಿಗೂ ಅವರಿಗೂ ವಾದವಿವಾದಗಳು ನಡೆದವು. ವಾದ ಹೇಗೇ ಇರಲಿ, ಯಕೃತ್ತಿನ ಪರೀಕ್ಷೆ ನಡೆಯುತ್ತಿರುವಾಗ ಕಷಾಯವನ್ನು ನಿಲ್ಲಿಸುವುದೂ, ನಿಲ್ಲಿಸಿದ ದಿನವನ್ನು ವೈದ್ಯರಿಗೆ ತಿಳಿಸುವುದೂ ನ್ಯಾಯ. ಅಕ್ಕನವರು ನಿಲ್ಲಿಸಿದರು. ಆರು ವಾರದ ಮೇಲೆ ನೋಡಿದರೆ ಅಂಕಿ ಇಳಿಯಲಿಲ್ಲ; ೪೧೨ಕ್ಕೆ ಏರಿದ್ದಿತು. ಕಷಾಯ ನಿರಪರಾಧಿಯೆಂದು ಅಕ್ಕನವರಿಗೆ ಆ ದುಃಖದಲ್ಲೂ ಒಂದು ಸಮಾಧಾನ.

ಮೂರನೆಯದು ನಿರ್ಣಾಯಕವಾದ ಪರೀಕ್ಷೆ. ನಮ್ಮ ಜೀವಕೋಶಗಳೊಳಗೆ ಶಕ್ತಿಯನ್ನೊದಗಿಸುವ ಮೈಟೋಕಾಂಡ್ರಿಯಗಳೆಂಬ ಸೂಕ್ಷ್ಮ ಭಾಗಗಳಿವೆ. ಈ ರೋಗದವರ ರಕ್ತದಲ್ಲಿ ಅವುಗಳ ವಿರುದ್ಧವಾದ ಪ್ರತಿಕಾಯಗಳಿರುತ್ತವೆಂಬುದನ್ನು ಲಂಡನ್ನಿನ ಶೀಲಾ ಶೆರ್ಲಾಕ್, ಡೆಬೊರಾ ಡೊನಿಯಾಕ್ ಮತ್ತು ಅವರ ಸಂಗಡಿಗರು ೧೯೬೫ರಲ್ಲಿ ತೋರಿಸಿಕೊಟ್ಟರು. ರೋಗದ ವರ್ಣನೆಯಾದರೋ ಬಹು ಹಳೆಯದು. ಅಡಿಸನ್ ಮತ್ತು ಗಲ್ ಎಂಬ ವೈದ್ಯರು ೧೮೫೧ರಷ್ಟು ಹಿಂದೆಯೇ ಕಣ್ಣುರೆಪ್ಪೆಯ ಹಳದಿ ಗಂಟುಗಳೊಡನೆ ಇದನ್ನು ಬರೆದಿಟ್ಟಿದ್ದರು. ಆದರೆ ನೂರಕ್ಕೂ ಹೆಚ್ಚು ವರ್ಷಗಳ ಕಾಲ ಹೊಟ್ಟೆಯನ್ನು ಕೊಯ್ದು ನೋಡಿಯೋ, ಯಕೃತ್ತಿನ ತುಣುಕನ್ನು ತೆಗೆದೋ ಹೊರತು ನಿಶ್ಚಯಿಸಲು ಉಪಾಯವಿರಲಿಲ್ಲ. ಈಗ ಒಂದು ಚಮಚ ರಕ್ತ ಸಾಕು. ಈ ಪ್ರತಿಕಾಯದ ಪರೀಕ್ಷೆಗೆ ಆಂಟಿಮೈಟೋಕಾಂಡ್ರಿಯಲ್ ಆಂಟಿಬಾಡಿ, ಅಥವಾ ಎ.ಎಂ.ಎ. ಎಂದು ಹೆಸರು. ನೂರು ಮಂದಿ ರೋಗಿಗಳಲ್ಲಿ ತೊಂಬತ್ತು ತೊಂಬತ್ತೈದು ಮಂದಿಗೆ ಇದು ಕಾಣುತ್ತದೆ. ಮೈಟೋಕಾಂಡ್ರಿಯಗಳು ದೇಹದ ಹೆಚ್ಚುಕಡಮೆ ಎಲ್ಲ ಜೀವಕೋಶಗಳಲ್ಲಿಯೂ ಇರುವಾಗ ಪಿತ್ತದ ಕಾಲುವೆಗಳೇ ಏಕೆ ಕೆಡಬೇಕೆಂಬುದು ಮಾತ್ರ ಪಂಡಿತರಿಗೂ ಇನ್ನೂ ಪೂರ್ತಿಯಾಗಿ ಬಿಡಿಸಲಾಗದ ಒಗಟು.

ಎಲ್ಲ ಪರೀಕ್ಷೆಗಳಿಗೂ ದೂರದೂರಿಗೆ ಅಲೆಯಬೇಕಾಗಿಲ್ಲ. ಯಕೃತ್ತಿನ ಸಾಮಾನ್ಯ ರಕ್ತಪರೀಕ್ಷೆ ತಾಲ್ಲೋಕು ಪಟ್ಟಣಗಳಲ್ಲಿಯೇ ಆಗುತ್ತದೆ. ಹಾಸನದಲ್ಲಿ ೨೦೦೬ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದ್ದು, ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಅದಕ್ಕೆ ಸೇರಿದೆ. ಎ.ಎಂ.ಎ.ಯಂಥ ವಿಶೇಷ ಪರೀಕ್ಷೆಗೆ ಸಹ ರೋಗಿ ಪ್ರಯಾಣ ಮಾಡಬೇಕೆಂದಿಲ್ಲ. ಅಕ್ಕನವರ ರಕ್ತವನ್ನು ಹಾಸನದಲ್ಲಿ ತೆಗೆದು ಬೆಂಗಳೂರಿನ ಪ್ರಯೋಗಶಾಲೆಗೆ ಕಳಿಸಿದರು. ಕೆಲವು ದಿನಗಳಲ್ಲಿ ಉತ್ತರ ಬಂದಿತು: ಇದೆ.

ವೈದ್ಯರು ಲೆಕ್ಕವನ್ನು ಬೆರಳಲ್ಲಿ ಎಣಿಸಿ ತೋರಿಸಿದರು. ಬಹುಕಾಲ ಏರಿಯೇ ಇರುವ ಆಲ್ಕಲೈನ್ ಫಾಸ್ಫಟೇಸ್ ಒಂದು, ಎ.ಎಂ.ಎ. ಎರಡು, ಯಕೃತ್ತಿನ ತುಣುಕಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವ ಲಕ್ಷಣಗಳು ಮೂರು. ಬೇರೆ ಕಾರಣಗಳನ್ನು ತಳ್ಳಿಹಾಕಿದ ಮೇಲೆ ಈ ಮೂರರಲ್ಲಿ ಎರಡು ದೊರೆತರೆ ರೋಗ ನಿಶ್ಚಯವಾದಂತೆ. ಆದುದರಿಂದ ಅಕ್ಕನವರಿಗೆ ಪಕ್ಕೆಗೆ ಸೂಜಿ ಚುಚ್ಚಿ ತುಣುಕು ತೆಗೆಯುವ ಅವಶ್ಯಕತೆ ಬೀಳಲಿಲ್ಲ. ಎ.ಎಂ.ಎ. ಇಲ್ಲವೆಂದು ಬಂದ ಕೆಲವರಿಗೆ ಜಿ.ಪಿ. ೨೧೦, ಎಸ್.ಪಿ. ೧೦೦ ಎಂಬ ಬೇರೆ ಪ್ರತಿಕಾಯಗಳನ್ನು ನೋಡುತ್ತಾರೆ; ಅವೂ ಇಲ್ಲದಿದ್ದರೆ, ಅಥವಾ ಎಸ್.ಜಿ.ಪಿ.ಟಿ. ಬಹಳ ಏರಿ ಆಟೋಇಮ್ಯೂನ್ ಹೆಪಟೈಟಿಸ್ ಎಂಬ ದಾಯಾದಿ ರೋಗವೂ ಜೊತೆಗಿರಬಹುದೆಂದು ಶಂಕೆ ಬಂದರೆ, ತುಣುಕು ತೆಗೆಯಲೇಬೇಕು. ದೊಡ್ಡ ನಾಳಗಳನ್ನು ಮಣಿಸರದಂತೆ ಅಲ್ಲಲ್ಲಿ ಹಿಂಡುವ ಇನ್ನೊಂದು ದಾಯಾದಿಯುಂಟು. ಅದು ಗಂಡಸರಲ್ಲಿ ಹೆಚ್ಚು, ಬಹುವೇಳೆ ಕರುಳಿನ ಹುಣ್ಣಿನೊಡನೆ ಬರುತ್ತದೆ, ಎಂ.ಆರ್.ಐ. ಯಂತ್ರದಿಂದ ಗೊತ್ತಾಗುತ್ತದೆ. ಅದರ ಮಾತು ಇಲ್ಲಿಗೆ ಸಾಕು. ಕಿಣ್ವ ಸಹಜವಾಗಿದ್ದು ಎ.ಎಂ.ಎ. ಮಾತ್ರ ಇರುವವರಿಗೆ ಒಡನೆಯೇ ರೋಗಿಯೆಂಬ ಪಟ್ಟ ಕಟ್ಟಬಾರದು; ಅವರಲ್ಲಿ ಕೆಲವರಿಗೆ ಮಾತ್ರ ಮುಂದೆ ರೋಗ ಬರುತ್ತದೆ, ವರ್ಷಕ್ಕೊಮ್ಮೆ ರಕ್ತ ನೋಡಿಸಿದರಾಯಿತು.

ಒಮ್ಮೆ ದೊಡ್ಡ ವೈದ್ಯರಿಗೂ ತೋರಿಸಿಬರೋಣವೆಂದು ಬೆಂಗಳೂರಿಗೆ ಹೊರಟೆವು. ೨೦೧೭ರಲ್ಲಿ ಹಾಸನದಿಂದ ಚನ್ನರಾಯಪಟ್ಟಣ, ಶ್ರವಣಬೆಳಗೊಳಗಳ ಮೇಲೆ ಬೆಂಗಳೂರಿಗೆ ರೈಲುಮಾರ್ಗ ತೆರೆದಂದಿನಿಂದ ಈ ಪ್ರಯಾಣ ಸುಖವಾಗಿದೆ. ಚನ್ನರಾಯಪಟ್ಟಣದಲ್ಲಿ ಮಗಳು ತಿಂಡಿಯ ಡಬ್ಬಿಯೊಡನೆ ಹತ್ತಿದಳು. ಯಕೃತ್ತು ಎಷ್ಟು ಗಡಸಾಗಿದೆಯೆಂಬುದನ್ನು ಚರ್ಮದ ಮೇಲಿನಿಂದಲೇ ಅಳೆಯುವ ಫೈಬ್ರೋಸ್ಕ್ಯಾನ್ ಎಂಬ ಯಂತ್ರದಲ್ಲಿ ನೋಡಿದರು. ಗಡಸಾಗತೊಡಗಿದೆ, ಆದರೆ ಗಂಟುಗಟ್ಟುವ ಹಂತಕ್ಕೆ, ಅಂದರೆ ಸಿರೋಸಿಸ್ಸಿಗೆ, ಹೋಗಿಲ್ಲವೆಂದರು. ಆ ಹಂತವನ್ನು ದಾಟಿದವರಿಗೆ ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತ ವಾಂತಿಯಾಗುವುದು, ಕಡೆಗೆ ಬೇರೆಯವರ ಯಕೃತ್ತನ್ನು ಕಸಿಮಾಡಿಸಿಕೊಳ್ಳಬೇಕಾಗುವುದು, ಇವೆಲ್ಲ ಉಂಟು. ಎರಡು ವರ್ಷಕ್ಕೆ ಮುಂಚೆ ಬಂದಿದ್ದರೆ ಏನಾಗುತ್ತಿತ್ತೆಂದು ನಾವು ಕೇಳಿದೆವು. "ಆಗಲೇ ಔಷಧ ಶುರುಮಾಡುತ್ತಿದ್ದೆವು. ಇಷ್ಟು ಗಡಸು ಬಹುಶಃ ಆಗುತ್ತಿರಲಿಲ್ಲ" ಎಂದು ಅವರು ಮರೆಮಾಚದೆ ಹೇಳಿದರು. ಅಕ್ಕನವರು ನಮ್ಮ ಮುಖವನ್ನು ನೋಡಿ, "ಹೋಗಲಿ ಬಿಡು, ನಿನಗೇನು ಡಾಕ್ಟರಿಕೆ ಬರುತ್ತೆ?" ಎಂದರು.

ಹಿಂದಿರುಗಿದ ಮೇಲೆ ಬೇರೊಂದು ಕಷ್ಟ ಕಾದಿದ್ದಿತು. ಯಕೃತ್ತಿನ ರೋಗವೆಂದೊಡನೆ ಹೆಂಡದ ಮಾತು ಬಂದೇ ಬರುತ್ತದೆ. ಒಂದು ಮದುವೆಯ ಮನೆಯಲ್ಲಿ ಊಟದ ಪಂಕ್ತಿಯಲ್ಲಿಯೇ ಯಾರೋ ಪಿಸುಗುಟ್ಟಿದ್ದನ್ನು ಭಾವನವರು ಕೇಳಿ ಎಲೆ ಬಿಟ್ಟೆದ್ದರಂತೆ. ಅಕ್ಕನವರು ಆ ಪದಾರ್ಥವನ್ನು ಕಣ್ಣಿನಿಂದ ಕಂಡವರೂ ಅಲ್ಲ. ಈ ಅವಮಾನ ನಮ್ಮ ದೇಶಕ್ಕೇ ಮೀಸಲಾದುದಲ್ಲ. ಈ ರೋಗಕ್ಕೆ ಹಿಂದೆ ಪ್ರೈಮರಿ ಬಿಲಿಯರಿ ಸಿರೋಸಿಸ್ ಎಂದು ಹೆಸರಿದ್ದಿತು. ಸಿರೋಸಿಸ್ ಎಂಬ ಮಾತಿನಿಂದ ತಮ್ಮನ್ನು ಕುಡುಕರೆಂದು ಜನ ತಿಳಿಯುತ್ತಾರೆ, ಅಲ್ಲದೆ ನಮ್ಮಲ್ಲಿ ಅನೇಕರಿಗೆ ಸಿರೋಸಿಸ್ ಆಗಿಯೇ ಇಲ್ಲ ಎಂದು ಪಾಶ್ಚಾತ್ಯ ದೇಶಗಳ ರೋಗಿಗಳು ಆಕ್ಷೇಪಿಸಿದರು. ಅವರ ಮಾತನ್ನು ಮನ್ನಿಸಿ ವೈದ್ಯಸಂಸ್ಥೆಗಳು ೨೦೧೪-೧೫ರಲ್ಲಿ ಹೆಸರನ್ನೇ ಬದಲಾಯಿಸಿದವು. ಬಾಯಿಗಳನ್ನು ಮುಚ್ಚಿಸುವುದು ಮಾತ್ರ ಯಾವ ಸಂಸ್ಥೆಗೂ ಸಾಧ್ಯವಿಲ್ಲ.

ನೀರಿನ ದೋಷವೇ ಎಂದು ಅರಕಲಗೂಡಿನ ಕಡೆಯವರು ಕೇಳಿದರು. ೧೯೮೦ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿಯೂ ಈ ಸಂಶಯ ಎದ್ದಿತ್ತು. ಅಲ್ಲಿನ ರೋಗಿಗಳಲ್ಲಿ ಬಹುಪಾಲು ಒಂದೇ ಜಲಾಶಯದ ನೀರು ಕುಡಿಯುವ ಭಾಗದವರೆಂದು ಕಂಡುಬಂದಿತು. ನೀರನ್ನು ಪರೀಕ್ಷಿಸಿದಾಗ ದೂಷಿಸತಕ್ಕದ್ದೇನೂ ಸಿಕ್ಕಲಿಲ್ಲ. ವಂಶದ ಗುಣವೂ ಹೊರಗಿನ ಯಾವುದೋ ಪ್ರಚೋದನೆಯೂ ಸೇರಿ ಇದು ಹುಟ್ಟುತ್ತದೆಂದಷ್ಟೇ ಪಂಡಿತರು ಹೇಳುತ್ತಾರೆ. ಇದು ಅಂಟುಜಾಡ್ಯವಲ್ಲ, ತಟ್ಟೆ ಲೋಟಗಳನ್ನು ಬೇರೆಯಿಡುವುದು ಶುದ್ಧ ಅಜ್ಞಾನ.

ಔಷಧದ ಹೆಸರು ಅರ್ಸೋಡಿಯಾಕ್ಸಿಕೋಲಿಕ್ ಆಮ್ಲ. ಅರ್ಸಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕರಡಿ. ಚೀನಾ ಜಪಾನುಗಳಲ್ಲಿ ಕರಡಿಯ ಪಿತ್ತವನ್ನು ಪ್ರಾಚೀನ ಕಾಲದಿಂದ ಮದ್ದಾಗಿ ಬಳಸುತ್ತಿದ್ದರು. ಅದರಲ್ಲಿ ಈ ಆಮ್ಲವು ದೊರೆತುದರಿಂದ ಈ ಹೆಸರು ಬಂದಿತು. ಈಗ ಇದಕ್ಕೆ ಕರಡಿಯ ಹಂಗಿಲ್ಲ; ಅರಸೀಕೆರೆಯ ಗುಡ್ಡಗಳ ಕರಡಿಗಳು ನಿಶ್ಚಿಂತೆಯಿಂದಿರಬಹುದು. ಸಾಮಾನ್ಯವಾಗಿ ದನಗಳ ಪಿತ್ತದಿಂದ ತೆಗೆದ ಆಮ್ಲವನ್ನು ರಸಾಯನಶಾಲೆಯಲ್ಲಿ ಮಾರ್ಪಡಿಸಿ ತಯಾರಿಸುತ್ತಾರೆ. ಈ ಸಂಗತಿಯನ್ನು ಅಕ್ಕನವರಿಗೆ ಹೇಳಬೇಕೋ ಬೇಡವೋ ಎಂದು ನಮ್ಮಲ್ಲಿ ಗುಟ್ಟಾಗಿ ಚರ್ಚೆಯಾಯಿತು. ಮುಚ್ಚಿಟ್ಟು ಕೊಡುವುದು ಸರಿಯಲ್ಲವೆಂದು ತೋರಿ ಹೇಳಿಯೇಬಿಟ್ಟೆವು. ಒಂದು ಗಳಿಗೆ ಸುಮ್ಮನಿದ್ದು, "ಹಾಲು ಕುಡಿದು ಬದುಕಿದೀವಿ, ಅದರದ್ದೇ ಇದೂ ಒಂದು ಋಣ" ಎಂದು ಮಾತ್ರೆ ನುಂಗಿದರು. ಎಲ್ಲರೂ ಹಾಗೆಯೇ ತೀರ್ಮಾನಿಸಬೇಕೆಂದು ನಾವು ಹೇಳುವುದಿಲ್ಲ.

ಮೈತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೧೩ರಿಂದ ೧೫ ಮಿಲಿಗ್ರಾಂ ಇದರ ಪ್ರಮಾಣ. ಅಕ್ಕನವರ ತೂಕ ೪೫ ಕಿಲೋ. ಬೆಳಿಗ್ಗೆ ೩೦೦, ಸಂಜೆ ೩೦೦. ಜೀವಮಾನವಿಡೀ ಬಿಡುವಂತಿಲ್ಲ. ಪ್ರಮಾಣ ಕಡಮೆಯಾದರೆ ಫಲವೂ ಕಡಮೆ. ಅಂಗಡಿಯಲ್ಲಿ ಕೇಳಿ ತಂದು ತಾನೇ ನುಂಗತಕ್ಕ ಔಷಧವಲ್ಲ. ಒಂದು ವರ್ಷದ ಮೇಲೆ ಕಿಣ್ವ ಸಾಕಷ್ಟು ಇಳಿದಿದೆಯೇ ಎಂದು ನೋಡಿ, ಇಳಿಯದವರಿಗೆ ಬೇರೆ ಔಷಧಗಳನ್ನು ಸೇರಿಸುತ್ತಾರೆ; ೨೦೨೪ರಲ್ಲಿ ಅಮೆರಿಕದಲ್ಲಿ ಅಂಥ ಎರಡು ಹೊಸ ಔಷಧಗಳಿಗೆ ಸಮ್ಮತಿ ದೊರೆಯಿತು. ರೋಗದ ಮೊದಲ ಹಂತದಲ್ಲಿಯೇ ಪ್ರಾರಂಭಿಸಿ, ಔಷಧಕ್ಕೆ ಚೆನ್ನಾಗಿ ಒಗ್ಗಿದವರು ಇತರರಷ್ಟೇ ಕಾಲ ಬಾಳುತ್ತಾರೆಂಬುದು ಅನುಭವಸಿದ್ಧ.

ಒಂದು ಮಾತನ್ನು ಮಾತ್ರ ಮೊದಲೇ ತಿಳಿದಿರಬೇಕು. ಈ ಮಾತ್ರೆಯಿಂದ ಕಾಲುವೆಗಳು ಉಳಿಯುತ್ತವೆ. ನವೆ ಕಡಮೆಯಾಗುತ್ತದೆಂಬ ಭರವಸೆಯಿಲ್ಲ. ಮೂರು ತಿಂಗಳಾದರೂ ನವೆ ಹೋಗಲಿಲ್ಲವೆಂದು ಅಕ್ಕನವರು ಮಾತ್ರೆಯ ಡಬ್ಬಿಯನ್ನು ಅಂಗಳಕ್ಕೆ ಎಸೆದ ದಿನವೂ ಒಂದುಂಟು. ನವೆಗೆ ಕೊಲೆಸ್ಟಿರಮಿನ್ ಎಂಬ ಪುಡಿ ಬೇರೆಯಾಗಿ ಇದೆ, ನೀರಿನಲ್ಲಿ ಕದಡಿ ಕುಡಿಯತಕ್ಕದ್ದು. ಅದು ಹೊಟ್ಟೆಯಲ್ಲಿ ಮಿಕ್ಕ ಔಷಧಗಳನ್ನೂ ಹಿಡಿದುಕೊಂಡುಬಿಡುವುದರಿಂದ ಎರಡಕ್ಕೂ ನಾಲ್ಕು ಗಂಟೆಯ ಅಂತರವಿರಬೇಕು. ಮರಳು ಮರಳಾದ ಅದರ ರುಚಿಯನ್ನು ಅಕ್ಕನವರು ಇಂದಿಗೂ ಕ್ಷಮಿಸಿಲ್ಲ. ಆದರೆ ಹಿತ್ತಲ ಕಲ್ಲಿನ ಮೇಲೆ ಕೂಡುವುದು ತಪ್ಪಿತು.

ರೋಗಿಯ ತಾಯಿ, ಅಕ್ಕತಂಗಿ, ಹೆಣ್ಣುಮಕ್ಕಳಿಗೆ ಇದು ಬರುವ ಸಂಭವ ಇತರರಿಗಿಂತ ಹೆಚ್ಚು. ಚನ್ನರಾಯಪಟ್ಟಣದ ಮಗಳಿಗೆ ಮೂವತ್ತು ದಾಟಿದೆ. ಮೊದಲು ಹೆದರಿ ಒಪ್ಪಲಿಲ್ಲ, ಗೊತ್ತಾಗದಿದ್ದರೇ ವಾಸಿಯೆಂದಳು. ಅವಳ ತಾಯಿ ಬೈದ ಮೇಲೆ ಆಲ್ಕಲೈನ್ ಫಾಸ್ಫಟೇಸ್ ನೋಡಿಸಿದಳು. ಮಿತಿಯೊಳಗಿದೆ. ಮತ್ತೆ ಕೆಲವು ವರ್ಷಗಳಿಗೊಮ್ಮೆ ನೋಡಿಸಲು ವೈದ್ಯರು ಹೇಳಿದ್ದಾರೆ.

ಭಾವನವರು ಹೊಗೆಸೊಪ್ಪಿನ ತೂಕವನ್ನೂ ದರವನ್ನೂ ಬರೆದಿಡುವ ಪುಸ್ತಕದ ಕಡೆಯ ಪುಟದಲ್ಲಿ ಈಗ ಬೇರೊಂದು ಲೆಕ್ಕ ನಡೆಯುತ್ತಿದೆ. ೨೦೨೩ರ ಮಾರ್ಚಿ, ೪೧೨. ಸೆಪ್ಟೆಂಬರು, ೨೩೮. ೨೦೨೪ರ ಮಾರ್ಚಿ, ೧೫೧. ೨೦೨೧ರ ಆ ಹಳೆಯ ಹಾಳೆಯನ್ನು, ಕೆಂಪು ಸೊನ್ನೆ ಸಮೇತ, ಅದೇ ಪುಟಕ್ಕೆ ಅಂಟಿಸಿದ್ದಾರೆ. ಹಾಳೆಯನ್ನು ಹರಿದುಹಾಕಬಾರದೇ ಎಂದು ನಾವು ಒಮ್ಮೆ ಕೇಳಿದೆವು. "ಇರಲಿ, ನಿಮ್ಮ ಕನ್ನಡಕದ ನೆನಪಿಗೆ" ಎಂದರು.